ಡಿಜಿಟಲ್ ಮಿಕ್ಸರ್‌ಗೆ ಹೊಂದದ ಫ್ಯಾನ್ ಹಾಕಿ, ಸೆನ್ಸರ್ ಪಿನ್ನನ್ನು ಗ್ರೌಂಡ್ ಮಾಡಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಸರ್ವಿಸ್ ಸೆಂಟರ್, ಬೆಂಗಳೂರು

ಮಾನ್ಯರೇ,

ನಮ್ಮ ಸಂಗೀತ ಶಾಲೆಯ ಧ್ವನಿಮುದ್ರಣ ಕೊಠಡಿಯ ಡಿಜಿಟಲ್ ಮಿಕ್ಸರ್‌ನ ಕೂಲಿಂಗ್ ಫ್ಯಾನ್ ಗುರುಗುಟ್ಟುತ್ತಿದ್ದರಿಂದ ಬದಲಿಸಲು ನಿಮ್ಮಲ್ಲಿ ಕೊಟ್ಟಿದ್ದೆವು. ಜಾಬ್ ಶೀಟಿನಲ್ಲಿ ‘ಫ್ಯಾನ್ ಬದಲಿ, ಓಕೆ’ ಎಂದು ಬರೆದು ಬಿಡಿಭಾಗಕ್ಕೂ ಕೂಲಿಗೂ ಹಣ ಪಡೆದಿದ್ದೀರಿ. ಮಿಕ್ಸರ್ ಈಗ ಮೊದಲಿಗಿಂತ ಜೋರಾಗಿ ಸದ್ದು ಮಾಡುತ್ತಿದೆ. ಸದ್ದಷ್ಟೇ ಆಗಿದ್ದರೆ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಮುಚ್ಚಳ ತೆಗೆದಾಗ ಕಂಡದ್ದಕ್ಕೆ ನಿಮ್ಮಿಂದ ಲಿಖಿತ ಉತ್ತರ ಬೇಕು.

ಹಳೆಯ ಫ್ಯಾನ್ 60×60×25 ಮಿ.ಮೀ., 12 ವೋಲ್ಟ್, 0.10 ಆಂಪಿಯರ್, ಬಾಲ್ ಬೇರಿಂಗ್, ಮೂರು ತಂತಿಯದು. ಲೇಬಲ್‌ನ ಫೋಟೊ ಲಗತ್ತಿಸಿದೆ. ನೀವು ಹಾಕಿರುವುದು ಅಳತೆಯಲ್ಲಿ, ವೋಲ್ಟ್‌ನಲ್ಲಿ ಅದೇ. ಆದರೆ 0.25 ಆಂಪಿಯರ್, ಸ್ಲೀವ್ ಬೇರಿಂಗ್, ಎರಡೇ ತಂತಿ. ಅದೇ ಅಳತೆಯ ಫ್ಯಾನ್ ಇಷ್ಟು ಹೆಚ್ಚು ಕರೆಂಟ್ ಎಳೆಯುತ್ತದೆಂದರೆ ಅದು ಸಾಮಾನ್ಯವಾಗಿ ಹೆಚ್ಚು ವೇಗದ್ದು. ಟ್ಯಾಕೋಮೀಟರ್ ಹಿಡಿದರೆ 4,800 ಆರ್‌ಪಿಎಂ ತೋರಿಸುತ್ತದೆ. ಸೆಕೆಂಡಿಗೆ 80 ಸುತ್ತು, 7 ರೆಕ್ಕೆ, ಅಂದರೆ 560 ಹರ್ಟ್ಸ್‌ನ ನಿಚ್ಚಳ ಸ್ವರ. ಒಂದೂವರೆ ಶ್ರುತಿಗೆ ಕೂಡಿಸಿದ ತಂಬೂರಿಯಲ್ಲಿ 554 ಹರ್ಟ್ಸ್‌ನ ಆಸುಪಾಸಿನಲ್ಲೇ ಒಂದು ಷಡ್ಜ ಮೊಳಗುತ್ತದೆ. ಎರಡೂ ಸೇರಿ ಸೆಕೆಂಡಿಗೆ ಐದಾರು ಬಾರಿ ಏರಿಳಿಯುವ ಅಲೆಯೊಂದು ಮೈಕಿಗೆ ಬೀಳುತ್ತಿದೆ. ಈಕ್ವಲೈಜರ್‌ನಲ್ಲಿ ಆ ಜಾಗ ಕತ್ತರಿಸಿದರೆ ತಂಬೂರಿಯ ನಾದಕ್ಕೂ ಕತ್ತರಿ ಬೀಳುತ್ತದೆ. ‘ಸ್ವಲ್ಪ ಸೌಂಡ್ ಇದ್ದೇ ಇರುತ್ತೆ ಸರ್’ ಎಂದು ನಿಮ್ಮ ಕೌಂಟರಿನಲ್ಲಿ ಹೇಳಿದ್ದು ಆರ್ಕೆಸ್ಟ್ರಾ ವೇದಿಕೆಗೆ ಸರಿಹೋದೀತು, ಧ್ವನಿಮುದ್ರಣದ ಕೊಠಡಿಗಲ್ಲ.

ನಾಲ್ಕೂ ಮೂಲೆಯ ರಬ್ಬರ್ ಬುಷ್‌ಗಳು ಕಾಣೆಯಾಗಿವೆ. ಸ್ಕ್ರೂ ನೇರವಾಗಿ ತಗಡಿಗೆ ಬಿಗಿದಿರುವುದರಿಂದ ಇಡೀ ಚಾಸಿ ಗುಂಯ್‌ಗುಡುತ್ತದೆ. ಫ್ಯಾನ್ ತಿರುವುಮುರುವಾಗಿಯೂ ಕೂತಿದೆ: ಒಳಗಿನ ಬಿಸಿಗಾಳಿಯನ್ನು ಹೊರಗೆಳೆಯಬೇಕಾದದ್ದು ಹೊರಗಿನ ಗಾಳಿಯನ್ನು ಧೂಳಿನ ಸಮೇತ ಒಳಗೆ ತಳ್ಳುತ್ತಿದೆ. ಗಾಳಿ ಹೊರಬೀಳುವುದು ಸಾಮಾನ್ಯವಾಗಿ ಲೇಬಲ್ ಇರುವ ಕಡೆಯಿಂದ. ಚೌಕಟ್ಟಿನ ಅಂಚಿನಲ್ಲಿ ಬಾಣದ ಗುರುತೂ ಇದೆ.

ಇವೆಲ್ಲ ಸರಿಪಡಿಸಬಹುದಾದ ತಪ್ಪುಗಳು. ಮೂರನೇ ತಂತಿಯ ಜಾಗದಲ್ಲಿ ಮಾಡಿರುವ ಕೆಲಸ ಅಂಥದ್ದಲ್ಲ. ಹಳೆಯ ಫ್ಯಾನಿನ ಹಳದಿ ತಂತಿ ಲಾಕ್ ಸೆನ್ಸರ್‌ನದು: ಫ್ಯಾನ್ ತಿರುಗುತ್ತಿರುವಾಗ ಅದರ ಸಂಕೇತ ಲೋ (ಕಡಿಮೆ ವೋಲ್ಟ್), ನಿಂತಾಗ ಹೈ (ಹೆಚ್ಚು ವೋಲ್ಟ್). ಹೈ ಆದೊಡನೆ ಬೋರ್ಡ್ ಪರದೆಯ ಮೇಲೆ ಎಚ್ಚರಿಕೆ ತೋರಿಸಬೇಕು. ಎರಡು ತಂತಿಯ ಫ್ಯಾನ್ ಹಾಕಿದ್ದರಿಂದ ಎಚ್ಚರಿಕೆ ಬಂದಿರಬೇಕು. ಅದನ್ನು ಅಡಗಿಸಲು ಬೋರ್ಡಿನ ಆ ಪಿನ್ನನ್ನು ತುಂಡು ತಂತಿಯಿಂದ ಗ್ರೌಂಡ್‌ಗೆ ಬೆಸುಗೆ ಹಾಕಿದ್ದಾರೆ. ಪಿನ್ ಸದಾ ಲೋ ಆಗಿಯೇ ಇರುವುದರಿಂದ ಇನ್ನು ಫ್ಯಾನ್ ನಿಂತೇಹೋದರೂ ಬೋರ್ಡಿಗೆ ಅದು ತಿರುಗುತ್ತಿರುವಂತೆಯೇ ಲೆಕ್ಕ. ಪವರ್ ಸಪ್ಲೈ ಸುಟ್ಟ ಮೇಲೆಯೇ ನಮಗೆ ಗೊತ್ತಾಗುವುದು.

ಫೋನಿನಲ್ಲಿ ನಿಮ್ಮ ತಂತ್ರಜ್ಞರು ‘ಒಂದು ರೆಸಿಸ್ಟರ್ ಹಾಕಿ ಸ್ಪೀಡ್ ಇಳಿಸ್ತೀವಿ’ ಎಂದರು. ದಯವಿಟ್ಟು ಬೇಡ. ತಣ್ಣಗಿರುವಾಗ ಬೋರ್ಡ್ ತಾನಾಗಿಯೇ ಫ್ಯಾನಿಗೆ ಸುಮಾರು 7 ವೋಲ್ಟ್ ಮಾತ್ರ ಕೊಡುತ್ತದೆ. ಅದರಲ್ಲೂ ರೆಸಿಸ್ಟರ್ ಪಾಲು ಕಳೆದರೆ ಫ್ಯಾನ್ ಹೊರಡದೆಯೇ ಇರಬಹುದು, ಮತ್ತು ಮೇಲೆ ಹೇಳಿದ ಕಾರಣಕ್ಕೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಆದ್ದರಿಂದ ಹೊಸದಾಗಿ ಕೂಲಿ ಕೇಳದೆ ಈ ಕೆಲಸ ಮಾಡಿಕೊಡಿ. 60×60×25 ಮಿ.ಮೀ., 12 ವೋಲ್ಟ್, 0.10 ಆಂಪಿಯರ್ ಆಸುಪಾಸಿನ, ಬಾಲ್ ಅಥವಾ ಫ್ಲೂಯಿಡ್ ಬೇರಿಂಗ್‌ನ, ಲಾಕ್ ಸೆನ್ಸರ್ ಇರುವ ಫ್ಯಾನ್ ತರಿಸಿ. ಗಾಳಿಯ ಪ್ರಮಾಣ ಮೂಲದ್ದಕ್ಕಿಂತ ಕಡಿಮೆ ಇರಬಾರದು. ಕಂಪ್ಯೂಟರ್ ಫ್ಯಾನಿಗೂ ಮೂರು ತಂತಿ ಇರುತ್ತದೆ, ಆದರೆ ಅದರ ಮೂರನೆಯದು ಪ್ರತಿ ಸುತ್ತಿಗೂ ಎರಡು ಪಲ್ಸ್ ಕೊಡುವಂಥದ್ದು, ಇಲ್ಲಿಗೆ ಹೊಂದದು. ಪ್ಲಗ್ ಕಿತ್ತು, ಪವರ್ ಸಪ್ಲೈನ ದೊಡ್ಡ ಕೆಪ್ಯಾಸಿಟರ್ ಖಾಲಿಯಾಗಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿದ ಮೇಲೆಯೇ ಕೈ ಹಾಕಲಿ. ಗ್ರೌಂಡ್ ಮಾಡಿದ ತುಂಡು ತೆಗೆದು, ಬುಷ್ ಹಾಕಿ, ಹಳೆಯ ಕನೆಕ್ಟರನ್ನು ಹೊಸ ತಂತಿಗೆ ಬೆಸೆದು ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಲಿ. ಈಗ ಬರೀ ಹೊಸೆದು ಟೇಪ್ ಸುತ್ತಿದ್ದಾರೆ.

ಪರೀಕ್ಷೆ ನಮ್ಮೆದುರಿಗೇ ಆಗಬೇಕು: ಪ್ಲಾಸ್ಟಿಕ್ ಕಡ್ಡಿಯಿಂದ ಫ್ಯಾನಿನ ನಡುವಿನ ಗುಬ್ಬಿಯನ್ನು (ಹಬ್) ಒತ್ತಿ ನಿಲ್ಲಿಸಿದಾಗ ಪರದೆಯಲ್ಲಿ ಎಚ್ಚರಿಕೆ ಬರಬೇಕು. ಕನೆಕ್ಟರ್ ಕಿತ್ತು ತೋರಿಸಿದರೆ ಬೋರ್ಡಿನ ಪರೀಕ್ಷೆ ಮಾತ್ರ ಆದಂತೆ, ಫ್ಯಾನಿನ ಸೆನ್ಸರ್‌ನದಲ್ಲ. ಹಳೆಯ ಫ್ಯಾನನ್ನೂ ಬುಷ್‌ಗಳನ್ನೂ ಹಿಂದಿರುಗಿಸಿ. ಹಾಕಿದ ಫ್ಯಾನಿನ ಮಾದರಿ ಸಂಖ್ಯೆ ಬಿಲ್ಲಿನಲ್ಲಿ ಇರಲಿ.

15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇವೆ. ಜಾಬ್ ಶೀಟ್, ಬಿಲ್ ಮತ್ತು ಬೆಸುಗೆಯ ಹತ್ತಿರದ ಫೋಟೊಗಳು ಇದರೊಂದಿಗಿವೆ. ಅಲ್ಲಿಯವರೆಗೆ ಮಿಕ್ಸರನ್ನು ಆನ್ ಮಾಡುವುದಿಲ್ಲ.

ಇಂತಿ,
ಧ್ವನಿಮುದ್ರಣ ವಿಭಾಗದ ಪರವಾಗಿ