ಸಂಡೂರಿನ ದಾರಿ ಹಿಡಿಯುವ ಮುನ್ನ

ಪ್ರಿಯ ಬಸವರಾಜ,

ಒಂದೇ ದಿನದಲ್ಲಿ ಗಣಿನಾಡು ನೋಡಿಬರಬಹುದಾ ಎಂದು ಕೇಳಿದ್ದೆಯಲ್ಲ, ಧಾರಾಳವಾಗಿ ನೋಡಬಹುದು. ಬಳ್ಳಾರಿ, ತೋರಣಗಲ್ಲು, ಸಂಡೂರು, ಕುಮಾರಸ್ವಾಮಿ ಬೆಟ್ಟ: ಹೋಗಿಬರಲು ಸುಮಾರು 140 ಕಿ.ಮೀ. ಸೆಪ್ಟೆಂಬರ್‌ನಲ್ಲೇ ಬಾ. ಬೇಸಿಗೆಯಲ್ಲಿ ಗುಡ್ಡವೂ ಕೆಂಪು, ಗಣಿಯೂ ಕೆಂಪು. ಮಳೆಗಾಲ ಹಿಡಿದ ಮೇಲೆ ಹಸಿರು ಎಲ್ಲಿ ಉಳಿದಿದೆ, ಎಲ್ಲಿ ಕಿತ್ತುಹೋಗಿದೆ ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ.

ಬಳ್ಳಾರಿಯಲ್ಲೇ ಒಗ್ಗರಣೆ, ಮಿರ್ಚಿ ತಿಂದು, ಟ್ಯಾಂಕ್ ತುಂಬಿಸಿಕೊಂಡು ಏಳರೊಳಗೆ ಹೊರಡು. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ದಾರಿಯಿಂದಲೇ ಕಾಣುತ್ತದೆ, ಇಳಿಯಬೇಕಿಲ್ಲ. ನೋಡಬೇಕಾದದ್ದು ನಂದಿಹಳ್ಳಿ ಕಡೆಯಿಂದ ಸುಮಾರು 24 ಕಿ.ಮೀ. ಕಬ್ಬಿಣದ ಅದಿರು ಹೊತ್ತು ತರುವ ಕನ್ವೇಯರ್. ಅದರ ಬೆಲ್ಟು ಅದಿರನ್ನು ಒಳಗಿಟ್ಟುಕೊಂಡು ಕೊಳವೆಯಾಗಿ ಸುತ್ತಿಕೊಳ್ಳುವುದರಿಂದ ಧೂಳು ಹಾರುವುದಿಲ್ಲ. ಅದರಲ್ಲಿ ಬಂದಷ್ಟು ಅದಿರು ರಸ್ತೆಗೆ ಇಳಿಯುವುದಿಲ್ಲ. ಈ ಸೀಮೆಗೆ ಇಂಥದ್ದು ಹತ್ತು ವರ್ಷ ಮೊದಲೇ ಬರಬೇಕಿತ್ತು.

ಹಾಗೆಂದು ಟಿಪ್ಪರ್‌ಗಳು ನಿಂತಿಲ್ಲ. ಅರ್ಧ ತುಂಬಿದಂತೆ ಕಂಡ ಟಿಪ್ಪರ್ ಹಗುರವಾಗಿದೆ ಅಂದುಕೊಳ್ಳಬೇಡ. ಒಳ್ಳೆಯ ಅದಿರು ಮಾಮೂಲಿ ಕಲ್ಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಅರ್ಧಕ್ಕೇ ಪೂರ್ತಿ ಲೋಡ್ ಆಗಿರುತ್ತದೆ. ಇಳಿಜಾರಿನಲ್ಲಿ ಅದು ಬ್ರೇಕ್ ಹಾಕಿದ ಕೂಡಲೇ ನಿಲ್ಲುವುದಿಲ್ಲ, ಅದರ ಮುಂದೆ ತೂರಬೇಡ. ತಿರುವುಗಳಲ್ಲಿ ಚೆಲ್ಲಿದ ಪುಡಿಯ ಮೇಲೆ ತುಂತುರು ಮಳೆ ಬಿದ್ದರೆ ಟೈರ್ ಜಾರುತ್ತದೆ. ಜೋರು ಮಳೆಗಿಂತ ಆ ಮೊದಲ ಹತ್ತು ನಿಮಿಷವೇ ಅಪಾಯ.

ತಾರಾನಗರದ ಹತ್ತಿರ ನಾರಿಹಳ್ಳ ಜಲಾಶಯದ ಬಳಿ ಅರ್ಧ ಗಂಟೆ ನಿಲ್ಲು. ಸುತ್ತಲ ಗುಡ್ಡಗಳನ್ನು ಸಾವಕಾಶ ನೋಡು. ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದು ಗಣಿ. ಅದರ ಬುಡದಲ್ಲಿ ಒಂದೇ ಇಳುಕಲಾಗಿ ಸುರಿದದ್ದು ಬೇಡದ ಮಣ್ಣಿನ ಡಂಪ್. ಅದಕ್ಕೆ ತೆಂಗಿನ ನಾರಿನ ಚಾಪೆ ಹೊದಿಸಿ ಹುಲ್ಲು ಹಿಡಿಸಿ, ಕೆಳಗೆ ಕಲ್ಲಿನ ತಡೆ ಕಟ್ಟಿದ್ದರೆ ಮಣ್ಣು ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಒಂದೊಂದು ಮಳೆಗೂ ಕೊರಕಲು ಬಿದ್ದು, ಹಳ್ಳ ಕೆಂಪಾಗಿ ಹರಿದು, ಕೆರೆಗಳಲ್ಲಿ ಹೂಳು ತುಂಬುತ್ತದೆ. ಚೀನಾದ ಬೇಡಿಕೆ ಏರಿದ ವರ್ಷಗಳಲ್ಲಿ ಹೊಲಗಳನ್ನೂ ಬಿಡದೆ ಅಗೆದು ಅದಿರು ಸೋಸಿದರು. ಮೇಲ್ಮಣ್ಣು ಹೋದ ಆ ಹೊಲಗಳಲ್ಲಿ ಮತ್ತೆ ಜೋಳ ಬೆಳೆಯುವುದು ಸುಲಭವಲ್ಲ. ನನಗೆ ಗುಡ್ಡಕ್ಕಿಂತ ಇದೇ ದೊಡ್ಡ ನಷ್ಟ ಅನಿಸುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಅಕ್ರಮ ತೀರ ಹೆಚ್ಚಿದ್ದ 'ಸಿ' ವರ್ಗದ ಗಣಿ ಗುತ್ತಿಗೆಗಳು ರದ್ದಾದವು, ಉಳಿದವಕ್ಕೆ ಗುಡ್ಡ ದುರಸ್ತಿ ಮಾಡುವ ಷರತ್ತು ಬಿತ್ತು. ಆ ಚಾಪೆ, ತಡೆಗಳೆಲ್ಲ ಅಂಥ ದುರಸ್ತಿಯ ಕೆಲಸಗಳೇ.

ಸಂಡೂರಿನಲ್ಲಿ ಊಟ ಮುಗಿಸಿ, ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಕಸೂತಿ ನೋಡು. ಕುಮಾರಸ್ವಾಮಿ ಬೆಟ್ಟ ಅಲ್ಲಿಂದ ಸುಮಾರು 12 ಕಿ.ಮೀ. ದಾರಿಯ ಕಾಡು ದಟ್ಟವಾಗಿದೆ, ಗಣಿ ಬರುವ ಮುಂಚೆ ಈ ಗುಡ್ಡಗಳು ಹೇಗಿದ್ದವೆಂದು ಅಲ್ಲಿ ಅಂದಾಜು ಸಿಗುತ್ತದೆ. ಕುಮಾರಸ್ವಾಮಿ ಗುಡಿಯ ಪಕ್ಕದ ಪಾರ್ವತಿ ಗುಡಿಯನ್ನು ಬಿಡಬೇಡ. ನಾಲ್ಕಕ್ಕೆಲ್ಲ ಇಳಿದುಬಿಡು, ಕತ್ತಲಾದ ಮೇಲೆ ಟಿಪ್ಪರ್ ದಾರಿ ಬೇಡ.

ಗಾಜು ಏರಿಸಿ, ಎಸಿಯನ್ನು ಒಳಗಾಳಿಗೆ ಇಟ್ಟುಕೊಂಡು ಓಡಿಸು. ಒಣ ಗಾಜಿನ ಮೇಲೆ ವೈಪರ್ ಹಾಕಬೇಡ, ಅದಿರಿನ ಪುಡಿ ಗೀರು ಹಾಕುತ್ತದೆ. ಮೊದಲು ನೀರು ಸುರಿ. ಊರಿಗೆ ಹೋದ ಮೇಲೆ ಏರ್ ಫಿಲ್ಟರ್ ಬಿಚ್ಚಿ, ಒಳಗಡೆಯಿಂದ ಹೊರಕ್ಕೆ ಗಾಳಿ ಹೊಡೆಸು. ತೀರ ಕೆಂಪಾಗಿದ್ದರೆ ಹೊಸದು ಹಾಕಿಸು.

ನಿನ್ನ ಗೆಳೆಯ