ರಾತ್ರಿ ಏಳುವ ಬಾಸುಂಡೆಗೆ ಹಗಲಿನ ಕಾರಣ

ಉಪ್ಪಳ
ಜೂನ್ 9

ಚಿರಂಜೀವಿ ಗಣೇಶನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಬೆರಳು ಮಡಚಲಾಗದಷ್ಟು ಅಂಗೈ ಊದಿಕೊಂಡಿದೆ. ಬಲ ಹೆಗಲಿನಲ್ಲಿ ಹುಲ್ಲು ಹೆರೆಯುವ ಮೆಷಿನ್ನಿನ ಪಟ್ಟಿ ಕೂತ ಜಾಗದಲ್ಲೇ, ಆ ಪಟ್ಟಿಯಷ್ಟೇ ಅಗಲಕ್ಕೆ, ಕೆಂಪಗೆ ದಪ್ಪ ಬಾಸುಂಡೆ ಎದ್ದಿದೆ. ನಿನ್ನ ಅಮ್ಮ ಫೋನಿನಲ್ಲಿ ಅಳುತ್ತಲೇ ಮಾತಾಡಿದ್ದರಿಂದ ನನಗೆ ಹೇಳಬೇಕಾದ್ದನ್ನು ನೆಟ್ಟಗೆ ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ. ನೀನು ಓದಿದ ಮೇಲೆ ಅವಳಿಗೂ ಓದಿ ಹೇಳು.

ನೀವಿಬ್ಬರೂ ಕಾರಣ ಹುಡುಕುತ್ತಿರುವ ಹೊತ್ತು ಸರಿಯಿಲ್ಲ, ಮಗಾ. ಒಂಬತ್ತು ಗಂಟೆಗೆ ಕೈ ಊದಿತು, ಎಂಟಕ್ಕೆ ಹಲಸಿನ ಹಣ್ಣು ತಿಂದದ್ದು, ಹಾಗಾಗಿ ಹಲಸು ಆಗುವುದಿಲ್ಲ ಎಂದು ಒಂದು ದಿನ. ಬದನೆ ಆಗುವುದಿಲ್ಲ ಎಂದು ಇನ್ನೊಂದು ದಿನ. ಈಗ ಗಂಜಿ ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಬಡಿಸುತ್ತಿಲ್ಲವಂತೆ. ತೋಟದಲ್ಲಿ ಮೈಮುರಿದು ದುಡಿಯುವ ಹುಡುಗ ಬರಿಯ ಗಂಜಿಯಲ್ಲಿ ಎಷ್ಟು ದಿನ ನಿಂತಾನು? ಒತ್ತಡದಿಂದ ಏಳುವ ಬಾಸುಂಡೆ ಒತ್ತಿದ ಕೂಡಲೇ ಏಳುವುದಿಲ್ಲ. ಹೆಚ್ಚಾಗಿ ನಾಲ್ಕರಿಂದ ಆರು ಗಂಟೆ ಕಳೆದು ಏಳುತ್ತದೆ. ಕೆಲವರಿಗೆ ಅರ್ಧ ಗಂಟೆಯಲ್ಲೇ ಎದ್ದರೆ ಕೆಲವರಿಗೆ ಹನ್ನೆರಡು ಗಂಟೆ ಹಿಡಿಯುತ್ತದೆ. ಹಾಗಿರುವಾಗ ರಾತ್ರಿಯ ಊಟವನ್ನು ಬಿಟ್ಟುಬಿಡು. ಮಧ್ಯಾಹ್ನ ಮೂರು ಗಂಟೆಗೆ ಮೈಯ ಯಾವ ಜಾಗದ ಮೇಲೆ ಏನು ಒತ್ತಿಕೊಂಡಿತ್ತು ಎಂದು ನೆನಪು ಮಾಡಿಕೋ. ಅಂಗೈ ಊದಿದ ದಿನ ನೀನು ಬೆಳಗಿನಿಂದ ದೋಟಿ, ಆ ಕಾರ್ಬನ್ ಫೈಬರಿನ ಉದ್ದ ಕೋಲು, ಎತ್ತಿ ಹಿಡಿದು ಅಡಿಕೆಗೆ ಮದ್ದು ಬಿಡುತ್ತಿದ್ದೆ. ಹೆಗಲು ಊದಿದ ದಿನ ಹುಲ್ಲು ಹೆರೆದದ್ದು. ಅಂಗಾಲು ನೋಯುತ್ತದೆ ಎಂದೆಯಲ್ಲ, ಆವತ್ತು ಏಣಿಯ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತಿದ್ದೆ ಎಂದು ನೀನೇ ಹೇಳು.

ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿದ್ದಷ್ಟು ಕಾಲ ಇಂಥವರನ್ನು ನೋಡಿದ್ದೇನೆ. ಬೀಡಿ ಕಟ್ಟುವ ಒಬ್ಬಳು ಹೆಂಗಸು ನನಗೆ ಮರೆಯುವುದೇ ಇಲ್ಲ. ಹಗಲಿಡೀ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಭಂಗಿಯಲ್ಲಿ ಕೂತು ಕಟ್ಟುವವಳು. ರಾತ್ರಿ ಸೊಂಟದ ಸುತ್ತ, ಲಂಗದ ಲಾಡಿ ಬಿಗಿದ ಗೆರೆಗೆ ಸರಿಯಾಗಿ, ಕಿರುಬೆರಳಿನಷ್ಟು ದಪ್ಪ ಬಾಸುಂಡೆ. ಕೂತ ಜಾಗದಲ್ಲೂ ಬಾವು. ಮೀನು, ಮೊಟ್ಟೆ, ಬದನೆ, ಉದ್ದು ಎಲ್ಲವನ್ನೂ ಬಿಟ್ಟು ಬಡವಾಗಿ ಬಂದಿದ್ದಳು. ನಮ್ಮ ವೈದ್ಯರು ಬೆಳಿಗ್ಗೆ ಅವಳ ಹೆಗಲಿಗೆ ಮೂರು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ 7 ಕಿಲೋ ಭಾರ ತೂಗುಹಾಕಿಸಿ 15 ನಿಮಿಷ ಕೂರಿಸಿದರು. ತೆಗೆದಾಗ ಸ್ವಲ್ಪ ಕೆಂಪು ಬಿಟ್ಟರೆ ಏನೂ ಇರಲಿಲ್ಲ. ಆರು ಗಂಟೆ ಕಳೆದು ಪುನಃ ರವಿಕೆ ಸರಿಸಿ ನೋಡಿದಾಗ ಪಟ್ಟಿಯ ಅಚ್ಚು ಒತ್ತಿದ ಹಾಗೆ ಬಾಸುಂಡೆ ನಿಂತಿತ್ತು. ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ, ರಕ್ತ ಬೇಡ. ಭಾರ ಮತ್ತು ಗಡಿಯಾರ ಸಾಕು. ಆದರೆ ಮನೆಯಲ್ಲಿ ನೀನೇ ಕಲ್ಲು ಕಟ್ಟಿಕೊಂಡು ನೋಡಲು ಹೋಗಬೇಡ, ವೈದ್ಯರು ಮಾಡಿಸಲಿ.

ಇನ್ನು ಒಳಗೆ ಏನಾಗುತ್ತದೆ ಎಂದು ನೀನು ಕೇಳಿದ್ದೆ. ಚರ್ಮದಲ್ಲಿ, ಸಣ್ಣ ರಕ್ತನಾಳಗಳ ಪಕ್ಕದಲ್ಲಿ, ಮಾಸ್ಟ್ ಕೋಶ ಎಂಬ ಜೀವಕೋಶಗಳಿವೆ. 1878ರಲ್ಲಿ ಪಾಲ್ ಎರ್ಲಿಕ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಬಣ್ಣ ಹಾಕಿ ಇವನ್ನು ಗುರುತಿಸಿದ್ದು. ದಾಳಿಂಬೆಯೊಳಗೆ ಬೀಜ ತುಂಬಿದ ಹಾಗೆ ಇವುಗಳೊಳಗೆ ಸಣ್ಣ ಸಣ್ಣ ಕಣಗಳಿರುತ್ತವೆ. ಆ ಕಣಗಳಲ್ಲಿ ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳಿವೆ. ಈ ಕೋಶ ಕೆರಳಿದರೆ ಕಣಗಳು ಹೊರಬೀಳುತ್ತವೆ, ರಕ್ತನಾಳ ಹಿಗ್ಗುತ್ತದೆ, ಅದರ ಗೋಡೆಯಿಂದ ನೀರಿನಂಶ ಸೋರಿ ಚರ್ಮದಲ್ಲಿ ತುಂಬುತ್ತದೆ. ನಮ್ಮ ಕಣ್ಣಿಗೆ ಕಾಣುವ ಬಾಸುಂಡೆ ಅದೇ. ಸೋರಿಕೆ ಮೇಲ್ಪದರದಲ್ಲಾದರೆ ತುರಿಕೆ. ಆಳದಲ್ಲಾದರೆ ತುರಿಕೆಗಿಂತ ನೋವು, ಉರಿ, ಬಿಗಿತವೇ ಹೆಚ್ಚು. ನಿನ್ನ ಅಂಗೈ ಹಾಗಿದೆ. ಒತ್ತಡದ ಬಾಸುಂಡೆಯಲ್ಲಿ ಹಿಸ್ಟಮಿನ್ ಒಂದೇ ಅಲ್ಲ, ಮಾಸ್ಟ್ ಕೋಶದ ಕರೆಗೆ ರಕ್ತದಿಂದ ಬಿಳಿ ರಕ್ತಕಣಗಳೂ ಬಂದು ಸೇರುತ್ತವೆ. ಅವು ಬಂದು ಸೇರುವುದಕ್ಕೆ ಹೊತ್ತು ಬೇಕು. ತಡವಾಗಿ ಏಳುವುದಕ್ಕೂ, ಎದ್ದದ್ದು ಒಂದೆರಡು ದಿನ, ಕೆಲವೊಮ್ಮೆ ಮೂರು ದಿನದವರೆಗೂ ಇಳಿಯದಿರುವುದಕ್ಕೂ ಇದೇ ಕಾರಣ. ಜೊತೆಗೆ ಜ್ವರ ಬಂದಂತೆ ಮೈ ಬಿಸಿಯಾಗುವುದು, ಕೀಲು ನೋವು, ಸುಸ್ತು ಕಾಣಿಸಬಹುದು. ಅಡಿಕೆಗೆ ಮದ್ದು ಬಿಟ್ಟ ಮರುದಿನ ಮೈಕೈ ನೋವೆಂದು ಮಲಗಿದೆಯಂತೆ. ಅದು ಬರಿಯ ದುಡಿದ ಸುಸ್ತು ಎಂದು ನನಗೆ ಅನಿಸುವುದಿಲ್ಲ. ಎಲ್ಲರೂ ಭಾರ ಹೊರುತ್ತಾರೆ, ಎಲ್ಲರ ಮಾಸ್ಟ್ ಕೋಶ ಹೀಗೆ ಕೆರಳುವುದಿಲ್ಲ. ಕೆಲವರಲ್ಲೇ ಏಕೆ ಎಂಬುದನ್ನು ವೈದ್ಯಶಾಸ್ತ್ರ ಇನ್ನೂ ಪೂರ್ತಿ ಬಿಡಿಸಿಲ್ಲ. ನೀನು ಮಾಡಿದ ಯಾವ ತಪ್ಪಿಗೂ ಬಂದದ್ದಲ್ಲ. ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ತಂಗಿಯ ಮಗುವನ್ನು ಧೈರ್ಯವಾಗಿ ಎತ್ತಿಕೋ.

ಇದನ್ನೇ ಹೋಲುವ ಇನ್ನೆರಡು ಇವೆ. ವೈದ್ಯರು ಕೇಳಿದಾಗ ನಿನಗೆ ಬೇರ್ಪಡಿಸಿ ಹೇಳಲು ಬರಬೇಕು.

ಒಂದು, ಗೀರಿದರೆ ಏಳುವುದು. ಪೆನ್ನಿನ ಹಿಂಬದಿಯಿಂದ ಬೆನ್ನ ಮೇಲೆ ಗೆರೆ ಎಳೆದರೆ ಹತ್ತು ನಿಮಿಷದೊಳಗೆ ಆ ಗೆರೆ ಉಬ್ಬಿ ನಿಲ್ಲುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಯವಾಗುತ್ತದೆ. ನೂರರಲ್ಲಿ ಎರಡರಿಂದ ಐದು ಮಂದಿಯ ಚರ್ಮದ ಸ್ವಭಾವವೇ ಹಾಗೆ, ತುರಿಕೆ ಇಲ್ಲದಿದ್ದರೆ ಅದಕ್ಕೆ ಮದ್ದೂ ಬೇಡ. ಆರೋಗ್ಯವಂತರ ಚರ್ಮದಲ್ಲೂ ಗಟ್ಟಿಯಾಗಿ ಗೀರಿದರೆ ಮೊದಲು ಕೆಂಪು ಗೆರೆ, ಆಮೇಲೆ ಸುತ್ತಲೂ ಕೆಂಪು, ಕೊನೆಗೆ ಉಬ್ಬು ಬರುತ್ತದೆಂದು 1920ರ ದಶಕದಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ತೋರಿಸಿಕೊಟ್ಟಿದ್ದರು. ಇನ್ನೊಂದು, ನಡುಕದಿಂದ ಏಳುವುದು. ಹುಲ್ಲಿನ ಮೆಷಿನ್ ಹಿಡಿದಿರುವಾಗಲೇ, ಕೆಲವೇ ನಿಮಿಷದಲ್ಲಿ, ಕೈ ಕೆಂಪಾಗಿ ತುರಿಸಿ ಊದಿದರೆ ಅದು ಮೆಷಿನ್ನಿನ ನಡುಕದ ಕೆಲಸ, ತುಂಬಾ ಅಪರೂಪ. ಕೆಲವು ಮನೆತನಗಳಲ್ಲಿ ಇದು ವಂಶದಲ್ಲಿ ಬರುತ್ತದೆ, ಲೆಬನಾನಿನ ಕುಟುಂಬಗಳಲ್ಲಿ ಅದರ ಜೀನನ್ನು 2016ರಲ್ಲಿ ಗುರುತಿಸಿದ್ದಾರೆ. ನಿನ್ನ ಕೈ ಮೆಷಿನ್ ಹಿಡಿದಾಗ ಚೆನ್ನಾಗಿಯೇ ಇತ್ತು, ಹೆಗಲು ರಾತ್ರಿ ಊದಿತು ಎಂದೆ. ಅದಕ್ಕಾಗಿ ನನಗೆ ಇದು ತಡವಾಗಿ ಏಳುವ ಒತ್ತಡದ ಬಾಸುಂಡೆಯೇ ಎಂದು ತೋರುತ್ತದೆ. ಆದರೂ ಹೆಸರಿಡುವುದು ಚರ್ಮರೋಗ ತಜ್ಞರ ಕೆಲಸ, ನನ್ನದಲ್ಲ.

ನಿನ್ನ ಅಮ್ಮನ ಇನ್ನೊಂದು ಹೆದರಿಕೆ, ಅಡಿಕೆಯ ಮದ್ದಿನ ವಿಷ ಮೈಗೇರಿತೇ ಎಂದು. ಅವಳನ್ನು ಗದರಬೇಡ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರು ನಮ್ಮದು. ಇಲ್ಲಿಯ ತಾಯಂದಿರಿಗೆ ಆ ಭಯ ಹೋಗುವುದಾದರೂ ಹೇಗೆ? ಆದರೆ ನೀನು ಬಿಡುವುದು ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ. ಅದು ಚರ್ಮವನ್ನು ಉರಿಸಬಲ್ಲದು, ನಿಜ. ಉರಿಸಿದರೆ ಅದು ಹನಿ ಬಿದ್ದಲ್ಲೆಲ್ಲ, ಮುಖ, ಕುತ್ತಿಗೆ, ಮುಂಗೈಯಲ್ಲೆಲ್ಲ ಕಾಣಬೇಕು. ದೋಟಿ ಒತ್ತಿದ ಅಂಗೈಗೂ ಮೆಟ್ಟಿಲು ಒತ್ತಿದ ಅಂಗಾಲಿಗೂ ಅಳೆದಿಟ್ಟ ಹಾಗೆ ಬರುವುದಿಲ್ಲ. ಹುಲ್ಲು ಹೆರೆದ ದಿನ ಬೋರ್ಡೋ ಮುಟ್ಟಿಯೇ ಇರಲಿಲ್ಲವಲ್ಲ.

ನಾಗನಿಗೆ ತಂಬಿಲದ ಪೂಜೆ ಹೇಳಿಕೊಂಡಿದ್ದಾಳೆ ಎಂದೂ ಕೇಳಿದೆ. ಕೊಡಲಿ, ನಾನೂ ಬರುತ್ತೇನೆ. ಆದರೆ ತಂಬಿಲದ ದಿನ ನೋಡಿ ಆಮೇಲೆ ಆಸ್ಪತ್ರೆ ಎನ್ನುವುದು ಬೇಡ. ಪುನರ್ಪುಳಿ ಅರೆದು ಹಚ್ಚಿದರೆ ತಂಪೆನಿಸುತ್ತದೆ, ಹಚ್ಚಲಿ. ಕಂಬಳಿಯಲ್ಲಿ ಉಜ್ಜುವುದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಬೇಕು. ಕೆರಳಿದ ಚರ್ಮಕ್ಕೆ ಉಜ್ಜಾಟವೆಂದರೆ ಮತ್ತೊಂದು ಕೆರಳಿಕೆ.

ಈಗ ಮಾಡಬೇಕಾದ್ದು. ಒಂದು ಪುಸ್ತಕದಲ್ಲಿ ಬರೆದಿಡು: ಏನು ಕೆಲಸ, ಎಷ್ಟರಿಂದ ಎಷ್ಟರವರೆಗೆ, ಬಾಸುಂಡೆ ಎಷ್ಟು ಗಂಟೆಗೆ ಎದ್ದಿತು, ಯಾವಾಗ ಇಳಿಯಿತು. ಎದ್ದಾಗ ಮೊಬೈಲಿನಲ್ಲಿ ಫೋಟೋ ತೆಗೆ, ಹೊತ್ತು ಅದರಲ್ಲೇ ದಾಖಲಾಗುತ್ತದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ನಿನ್ನ ಸರದಿ ಬರುವಷ್ಟರಲ್ಲಿ ಚರ್ಮ ನುಣ್ಣಗಾಗಿ ಹೋದರೂ ವೈದ್ಯರಿಗೆ ನೋಡಲು ಏನಾದರೂ ಇರುತ್ತದೆ. ಅವರು ಮಲಯಾಳದಲ್ಲಿ ಕೇಳಿದರೆ ತಡವರಿಸಬೇಡ, ಪುಸ್ತಕ ತೋರಿಸು. ಗಂಟೆಯ ಲೆಕ್ಕ ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ.

ಕೆಲಸದ ಮಟ್ಟಿಗೆ ಒಂದೇ ಸೂತ್ರ: ಭಾರ ಕಡಿಮೆಯಾಗದಿದ್ದರೆ ಅದು ಕೂರುವ ಜಾಗವನ್ನು ಅಗಲ ಮಾಡು. ಕಿರಿದಾದ ಪಟ್ಟಿಯಲ್ಲಿ ಭಾರವೆಲ್ಲ ಒಂದೇ ಗೆರೆಗೆ ಬೀಳುತ್ತದೆ. ಮೆಷಿನ್ನಿನ ಪಟ್ಟಿಯಡಿಗೆ ಅಂಗೈ ಅಗಲದ ದಪ್ಪ ಸ್ಪಂಜು ಹಾಕಿಸಿ ಹೊಲಿಸು, ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ದೋಟಿಯ ಹಿಡಿಗೆ ಮೆತ್ತನೆಯ ರಬ್ಬರ್ ಸುತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸವನೆ ಹಿಡಿಯದೆ ನಡು ನಡುವೆ ಕೆಳಗಿಟ್ಟು ಬೇರೆ ಕೆಲಸ ನೋಡು. ಏಣಿಯ ಮೇಲೆ ಬರಿಗಾಲಲ್ಲಿ ನಿಲ್ಲಬೇಡ, ದಪ್ಪ ಅಟ್ಟೆಯ ಚಪ್ಪಲಿ ಜಾರುತ್ತದಾದ್ದರಿಂದ ಅದೂ ಬೇಡ, ಹಿಡಿತವಿರುವ ಶೂ ತೆಗೆದುಕೋ. ಬೆಲ್ಟು, ಕಾಲುಚೀಲದ ಇಲಾಸ್ಟಿಕ್ ಸಡಿಲವಿರಲಿ.

ಮಾತ್ರೆಯ ವಿಷಯದಲ್ಲಿ ನನಗೆ ನಿಜವಾಗಿ ಭಯವಿರುವುದು ನೀನು ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳದ್ದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು ಇಂಥ ಬಾಸುಂಡೆ ಇರುವ ಹಲವರಲ್ಲಿ ಅದನ್ನು ಹೆಚ್ಚಿಸುತ್ತವೆ. ಬಾಸುಂಡೆಗೆಂದು ಸ್ಟೀರಾಯ್ಡ್ ಮಾತ್ರೆಯನ್ನೂ ಯಾರೋ ಕೊಟ್ಟರೆಂದು ತಿನ್ನಬೇಡ. ತಿಂದಾಗ ಮ್ಯಾಜಿಕ್ಕಿನಂತೆ ಇಳಿಯುತ್ತದೆ, ನಿಲ್ಲಿಸಿದರೆ ಮರಳುತ್ತದೆ, ದಿನಗಟ್ಟಲೆ ತಿಂದರೆ ಮೂಳೆ, ರಕ್ತದ ಸಕ್ಕರೆ, ರಕ್ತದೊತ್ತಡ ಎಲ್ಲ ಹಾಳು. ವೈದ್ಯರು ಮೊದಲು ಕೊಡುವುದು ನಿದ್ದೆ ತರಿಸದ ಹೊಸ ಬಗೆಯ ಹಿಸ್ಟಮಿನ್ ವಿರೋಧಿ ಮಾತ್ರೆ. ಎದ್ದ ದಿನ ಒಂದು ನುಂಗಿ ಬಿಡುವುದಲ್ಲ ಅದು, ಹೇಳಿದಷ್ಟು ಕಾಲ ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ತಜ್ಞರು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ನೀನಾಗಿ ಏರಿಸಬೇಡ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದಿದೆ, ದುಬಾರಿ, ಆದರೆ ಇದೆ. ತಿಂಗಳಲ್ಲಿ ಹೋಗುವ ರೋಗವಲ್ಲ ಇದು, ವರ್ಷಗಳೇ ಹಿಡಿಯಬಹುದು. ಬಹಳ ಮಂದಿಗೆ ಕಾಲಕ್ರಮೇಣ ತಾನಾಗಿ ತಗ್ಗುತ್ತದೆ. ಒತ್ತಡವೇ ಇಲ್ಲದೆ ಮೈಮೇಲೆ ಅಲ್ಲಲ್ಲಿ ದದ್ದು ಏಳುವುದೂ ಇಂಥವರಿಗೆ ಜೊತೆಯಾಗಿ ಬರುತ್ತದೆ. ಹಾಗೆ ಬಂದರೆ ಗಾಬರಿಯಾಗದೆ ಅದನ್ನೂ ಪುಸ್ತಕದಲ್ಲಿ ಬರೆ.

ಬಾಸುಂಡೆ ಇಳಿದ ಮೇಲೆ ಆ ಜಾಗದಲ್ಲಿ ನೀಲಿಗಟ್ಟಿದ ಕಲೆ ಉಳಿದರೆ ವೈದ್ಯರಿಗೆ ಹೇಳಲೇಬೇಕು, ಅದು ರಕ್ತನಾಳದ ಉರಿಯೂತವಾಗಿರಬಹುದು. ತುಟಿ, ನಾಲಿಗೆ ಊದಿ ಸ್ವರ ಬದಲಾದರೆ, ಉಸಿರು ಬಿಗಿದರೆ, ರಾತ್ರಿ ಹನ್ನೆರಡಾದರೂ ಸರಿ, ಜೀಪು ಮಾಡಿಸಿಕೊಂಡು ಆಸ್ಪತ್ರೆಗೆ ಹೊರಡು. ಬೆಳಗಾಗಲಿ ಎಂದು ಕಾಯಬಾರದು.

ಹಳೆಯ ಬಗೆಯ ಅಲರ್ಜಿ ಮಾತ್ರೆ, ಅವಿಲ್ ಮುಂತಾದವು, ತೂಕಡಿಕೆ ತರಿಸುತ್ತವೆ. ಅದನ್ನು ತಿಂದ ದಿನ ಬೈಕು ಓಡಿಸಬೇಡ, ಏಣಿ ಹತ್ತಬೇಡ, ದೋಟಿಯನ್ನಂತೂ ಮುಟ್ಟಲೇಬೇಡ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ನಿಮ್ಮ ತೋಟದ ಅಂಚಿನಲ್ಲೇ ಲೈನು ಹೋಗಿದೆ.

ಅಡಿಕೆಗೆ ಎರಡನೆಯ ಸಲ ಮದ್ದು ಬಿಡಲು ಇನ್ನು ತಿಂಗಳ ಮೇಲೆ ಸಮಯವಿದೆ. ಅಷ್ಟರೊಳಗೆ ಚರ್ಮದ ವೈದ್ಯರನ್ನು ಕಂಡು ಬಾ. ಈ ಸಲ ದೋಟಿಯವರನ್ನು ಸಂಬಳಕ್ಕೆ ಕರೆಸು. ಹಣಕ್ಕೆ ನಿನ್ನ ಅಮ್ಮನ ಹತ್ತಿರ ಕೇಳಬೇಡ, ನನ್ನ ಪಿಂಚಣಿಯಲ್ಲಿ ಕಳಿಸುತ್ತೇನೆ. ಎಷ್ಟಾಗುತ್ತದೆ ಎಂದು ಮಾತ್ರ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ