ಅನುಭವ ಯಾರೂ ಕೊಡಬೇಕಾಗಿಲ್ಲ, ಪುಟ್ಟಿ

ಚಿರಂಜೀವಿ ಪುಟ್ಟಿಗೆ, ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಸಂವಹನದ ಕೆಲಸಕ್ಕೇ, ಅಂದರೆ ಒಂದು ಸಂಸ್ಥೆಯ ಮಾತನ್ನು ಜನರಿಗೂ ಪತ್ರಿಕೆಗಳಿಗೂ ತಲುಪಿಸುವ ಕೆಲಸಕ್ಕೇ ಹೋಗಬೇಕೆಂದು ಮನಸ್ಸು ಮಾಡಿದ್ದೀಯ, ಸಂತೋಷ. ಆದರೆ "ಇನ್ನೂ ಎರಡನೇ ವರ್ಷ, ಎಲ್ಲರೂ ಅನುಭವ ಕೇಳುತ್ತಾರೆ, ಅನುಭವ ಕೊಡುವವರು ಮಾತ್ರ ಯಾರೂ ಇಲ್ಲ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಸಂಕಟವಾಯಿತು. ನಿನ್ನ ವಯಸ್ಸಿನಲ್ಲಿ ನಾನೂ ಇದೇ ಮಾತು ಹೇಳಿಕೊಂಡು ಎರಡು ವರ್ಷ ಸುಮ್ಮನೆ ಕೂತಿದ್ದೆ. ನಿನಗೆ ಹಾಗಾಗಬಾರದು.

ನಿನ್ನ ಕಾಲೇಜಿನಲ್ಲಿ ಒಂದು ನಾಟಕ ತಂಡವೋ ವಿಜ್ಞಾನ ಸಂಘವೋ ರಕ್ತದಾನ ಮಾಡಿಸುವ ಗುಂಪೋ ಇದ್ದೇ ಇರುತ್ತದೆ. ಕೆಲಸ ಚೆನ್ನಾಗಿ ಮಾಡುತ್ತಿರುತ್ತಾರೆ, ಹೊರಗಿನವರಿಗೆ ಅದರ ಸುಳಿವೇ ಇರುವುದಿಲ್ಲ. ಅಂಥದ್ದೊಂದನ್ನು ಹಿಡಿ. ಒಂದೇ ಸಾಕು. ಇಡೀ ವರ್ಷ ಅವರ ಪೋಸ್ಟರು, ಆಹ್ವಾನ, ಪತ್ರಿಕಾ ಪ್ರಕಟಣೆ, ಸಾಮಾಜಿಕ ಜಾಲತಾಣದ ಬರಹ, ಕಾರ್ಯಕ್ರಮ ಮುಗಿದ ಮೇಲಿನ ವರದಿ, ಸಿಟ್ಟಾಗಿ ಪ್ರಶ್ನೆ ಕೇಳಿದವರಿಗೆ ಕೊಡುವ ಉತ್ತರ ಎಲ್ಲವೂ ನಿನ್ನ ಹೊಣೆಯಾಗಲಿ. ಐದು ಸಂಘಗಳಲ್ಲಿ ಹೆಸರು ಬರೆಸಿ ಎಲ್ಲಿಯೂ ಪೂರ್ತಿ ಕೆಲಸ ಮಾಡದವರನ್ನು ನಾನು ಸಂದರ್ಶನದಲ್ಲಿ ಎಷ್ಟೋ ಜನ ನೋಡಿದ್ದೇನೆ. "ನೀವು ಬರೆದದ್ದರಿಂದ ಏನಾಯಿತು?" ಎಂದರೆ ಅವರ ಬಳಿ ಉತ್ತರವಿರುವುದಿಲ್ಲ.

ಆ ಉತ್ತರ ನಿನ್ನ ಬಳಿ ಇರಬೇಕಾದರೆ, ಬರೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಗುರುತು ಹಾಕು: ಇದು ಯಾರಿಗೆ ತಲುಪಬೇಕು, ಓದಿದ ಮೇಲೆ ಅವರು ಏನು ಮಾಡಬೇಕು. 2010ರಲ್ಲಿ ಬಾರ್ಸಿಲೋನಾದಲ್ಲಿ ಈ ವೃತ್ತಿಯವರು ಸೇರಿ ತಮ್ಮ ಕೆಲಸದ ಫಲವನ್ನು ಅಳೆಯುವ ಸೂತ್ರಗಳನ್ನು ಒಪ್ಪಿಕೊಂಡರು. ಗುರಿ ಮೊದಲು ನಿಗದಿಯಾಗಬೇಕು, ಎಷ್ಟು ಹಂಚಿದೆವು ಎನ್ನುವುದಕ್ಕಿಂತ ಅದರಿಂದ ಏನು ಬದಲಾಯಿತು ಎನ್ನುವುದು ಮುಖ್ಯ ಎಂಬುದು ಅವುಗಳ ತಿರುಳು. ಸುದ್ದಿ ಬಂದ ಜಾಗಕ್ಕೆ ಜಾಹೀರಾತಿನ ದರ ಕಟ್ಟಿ ಬೆಲೆ ಹೇಳುವುದು ಸಲ್ಲದು ಎಂದೂ ಹೇಳಿದರು. ಅಂದರೆ ರಕ್ತದಾನದ ಪೋಸ್ಟರಿಗೆ ಮುನ್ನೂರು ಲೈಕ್ ಬಂದವು ಎನ್ನಬೇಡ. ಹೊಸದಾಗಿ ಎಷ್ಟು ಜನ ಬಂದು ರಕ್ತ ಕೊಟ್ಟರು, ಅದನ್ನು ಹೇಳು.

ಪ್ರಕಟಣೆ ಬರೆಯುವುದು ಕಷ್ಟವೇನಲ್ಲ. ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲ ಪ್ಯಾರಾದಲ್ಲೇ ಬಂದುಬಿಡಲಿ, ಏಕೆಂದರೆ ಜಾಗ ಸಾಲದಿದ್ದರೆ ಉಪಸಂಪಾದಕರು ಕತ್ತರಿ ಹಾಕುವುದು ಕೆಳಗಿನಿಂದ. ಗಟ್ಟಿಯಾಗಿ ಓದಿ ನೋಡು, ನಾಲಿಗೆ ತೊಡರಿದ ಕಡೆ ವಾಕ್ಯ ಮುರಿ.

ಕಷ್ಟವಿರುವುದು ಸರಿನೋಡುವುದರಲ್ಲಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಉಚಿತ ಕಣ್ಣಿನ ತಪಾಸಣೆಯ ಪ್ರಕಟಣೆ ಬರೆದೆ. ದಿನಾಂಕ ಸರಿಯಾಗಿತ್ತು, ಪಕ್ಕದಲ್ಲಿ ಶುಕ್ರವಾರದ ಬದಲು ಗುರುವಾರ ಎಂದು ಹಾಕಿದ್ದೆ. ಗುರುವಾರ ಬೆಳಿಗ್ಗೆ ಬೀಗ ಹಾಕಿದ ಬಾಗಿಲ ಮುಂದೆ ವಯಸ್ಸಾದವರು ಕಾಯುತ್ತಾ ನಿಂತಿದ್ದರು. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು "ನಾಳೆ ಕರೆದುಕೊಂಡು ಬರೋರು ಯಾರೂ ಇಲ್ಲಮ್ಮ" ಅಂದರು. ಆ ಕೈಯ ಬಿಸಿ ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ದಿನಾಂಕವನ್ನು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ನೋಡುತ್ತೇನೆ, ಹೆಸರಿನ ಕಾಗುಣಿತವನ್ನು ಆ ಹೆಸರಿನವರನ್ನೇ ಕೇಳುತ್ತೇನೆ, ಫೋನ್ ನಂಬರಿಗೆ ನಾನೇ ಒಮ್ಮೆ ಕರೆ ಮಾಡುತ್ತೇನೆ.

ಐವಿ ಲೀ ಎಂಬವನ ಹೆಸರು ನಿನ್ನ ಪಾಠದಲ್ಲಿ ಬರುತ್ತದೆ. ಪರೀಕ್ಷೆಗೆಂದು ಓದಿ ಬಿಡಬೇಡ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಸೇತುವೆಯಿಂದ ನೀರಿಗೆ ಉರುಳಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ವರದಿಗಾರರನ್ನು ಹತ್ತಿರ ಬಿಡದಿರುವುದು ಆಗಿನ ರೈಲ್ವೆ ಕಂಪನಿಗಳ ರೂಢಿ. ಮೊದಲು ಪತ್ರಕರ್ತನಾಗಿದ್ದು ಆಗ ಆ ರೈಲು ಕಂಪನಿಯ ಪ್ರಚಾರದ ಕೆಲಸ ನೋಡುತ್ತಿದ್ದ ಲೀ ಕಂಪನಿಯನ್ನು ಒಪ್ಪಿಸಿ, ನಡೆದದ್ದನ್ನು ತಾವಾಗಿಯೇ ಹೇಳುವ ಹೇಳಿಕೆ ಹೊರಡಿಸಿದ. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೇಳುವುದು ಅದನ್ನೇ. ಅದೇ ಮನುಷ್ಯ 1914ರಲ್ಲಿ, ಕೊಲೊರಾಡೊದ ಲಡ್ಲೊದಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಶಿಬಿರದಲ್ಲಿ ಹೆಂಗಸರು ಮಕ್ಕಳು ಸತ್ತ ಮೇಲೆ, ಗಣಿ ಮಾಲೀಕರು ಕೊಟ್ಟ ಮಾಹಿತಿಯನ್ನು ಹಾಗೆಯೇ ಅಚ್ಚು ಹಾಕಿಸಿ ಹಂಚಿದ. ಅದರಲ್ಲಿ ಸುಳ್ಳುಗಳಿದ್ದವು. ತಾನು ಏನನ್ನೂ ಪರಿಶೀಲಿಸಲಿಲ್ಲವೆಂದು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡ. ಜಾಣತನ ಎರಡು ಸಲವೂ ಇತ್ತು, ಪುಟ್ಟಿ. ಎರಡನೇ ಸಲ "ಇದು ನಿಜವೇ?" ಎಂದು ಕೇಳಲಿಲ್ಲ, ಅಷ್ಟೇ. ಸಂಘದ ಅಧ್ಯಕ್ಷರು "ಐನೂರು ಜನ ಬಂದಿದ್ದರು ಅಂತ ಹಾಕು" ಎಂದಾಗ ನೀನು ಕೇಳಬೇಕಾದ್ದೂ ಅದನ್ನೇ. ಈಗ ಯಂತ್ರವೇ ಬರೆದುಕೊಡುತ್ತದೆಯಲ್ಲ, ಅದು ಬರೆದದ್ದಕ್ಕೂ ಇದೇ ಪ್ರಶ್ನೆ ಹಾಕು.

ಸಾಧ್ಯವಾದರೆ ಕೆಲವು ತಿಂಗಳು ಕಾಲೇಜು ಪತ್ರಿಕೆಯಲ್ಲೂ ಕೂತುಕೋ. ದಿನಕ್ಕೆ ಹತ್ತಾರು ಪ್ರಕಟಣೆ ಬಂದು ಬಿದ್ದಾಗ ಎಂಥದ್ದನ್ನು ತೆರೆದು ಓದುತ್ತೇವೆ, ಎಂಥದ್ದನ್ನು ಪಕ್ಕಕ್ಕೆ ಸರಿಸುತ್ತೇವೆ ಎಂದು ಅಲ್ಲಿ ತಿಳಿಯುತ್ತದೆ. ಆದರೆ ನೀನು ಪ್ರಚಾರ ಮಾಡುವ ಸಂಘದ ಸುದ್ದಿಯನ್ನು ಅಲ್ಲಿ ನೀನೇ ಬರೆಯಬೇಡ. ಸಂಪಾದಕರಿಗೆ ಮೊದಲೇ ತಿಳಿಸಿ ಅದನ್ನು ಬೇರೆಯವರಿಗೆ ಬಿಡು.

ಇಂಟರ್ನ್‌ಶಿಪ್ ಬಗ್ಗೆ ಕೇಳಿದ್ದೀಯ. ಕಂಪನಿಯ ಹೆಸರು ದೊಡ್ಡದೋ ಸಣ್ಣದೋ ನೋಡಬೇಡ. "ನಾನು ಬರೆದದ್ದನ್ನು ಯಾರು ತಿದ್ದುತ್ತಾರೆ?" ಎಂದು ಕೇಳು. ತಿದ್ದುವವರು ಇಲ್ಲದ ಕಡೆ ಸಂಬಳ ಕೊಟ್ಟರೂ ನೀನು ಕಲಿಯುವುದು ಕಡಿಮೆ. ಸಂಬಳವಿಲ್ಲದ್ದಾದರೆ ಎಷ್ಟು ವಾರ, ದಿನಕ್ಕೆ ಎಷ್ಟು ಹೊತ್ತು ಎಂದು ಮೊದಲೇ ಬರೆಸಿಕೋ, ಪರೀಕ್ಷೆ ಹಾಳುಮಾಡಿಕೊಳ್ಳಬೇಡ. ಪೋರ್ಟ್‌ಫೋಲಿಯೊಗೆ ಒಳ್ಳೆಯ ಐದಾರು ಕೆಲಸ ಸಾಕು, ಪ್ರತಿಯೊಂದರಲ್ಲೂ ನಿನ್ನ ಪಾಲು ಎಷ್ಟೆಂದು ಬರೆದಿರಲಿ. ಕಚೇರಿಯ ಒಳಗಿನ ಕಾಗದಗಳನ್ನು ಕೇಳದೆ ಅದರಲ್ಲಿ ಸೇರಿಸಬೇಡ.

ಯಾವ ಸಂಘ ಎಂದು ಈ ವಾರದಲ್ಲೇ ತಿಳಿಸು. ಮೊದಲ ಪ್ರಕಟಣೆಯನ್ನು ಹೊರಗೆ ಕಳಿಸುವ ಮುನ್ನ ನನಗೆ ಕಳಿಸು, ಕೆಂಪು ಶಾಯಿಯಲ್ಲಿ ತಿದ್ದಿ ಅದೇ ದಿನ ವಾಪಸ್ ಕೊಡುತ್ತೇನೆ. ದಿನಾಂಕದ ಪಕ್ಕದ ವಾರವನ್ನು ಮಾತ್ರ ನೀನೇ ನೋಡಿರು.

ಇತಿ,
ನಿನ್ನ ಚಿಕ್ಕಮ್ಮ